‘ಅವರ ಇಲಾಖೆಯಲ್ಲೇ ನೌಕರಿ ಮಾಡ್ಲೇನ್ರಿ ಮೇಡಂ?’

(ಹೆಸರು, ಊರು, ಮನೆಯವರ ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ.)

ಶೈಲಾ ಅವರಿಗೆ 32 ವರ್ಷ. ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದವರು. ಗಂಡ ಹೆಡ್ ಕಾನ್ಸ್‌ಟೇಬಲ್ ಆಗಿದ್ದರು. ಬಂದೋಬಸ್ತ್ ಮುಗಿಸಿ ಬಂದ ರಾತ್ರಿ ಹೃದಯಾಘಾತವಾಗಿ ತೀರಿಕೊಂಡರು. ಆಪ್ತ ಸಮಾಲೋಚನೆಗೆ ಅಂತ ನನ್ನ ಹತ್ತಿರ ಬರುವಾಗ ಅದಾಗಿ ಎಂಟು ತಿಂಗಳು ಕಳೆದಿತ್ತು. ಎರಡನೇ ಕ್ಲಾಸಿನ ಮಗ, ವಯಸ್ಸಾದ ಅತ್ತೆ, ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಮೈದುನ. ಇರೋದು ಪೊಲೀಸ್ ಕ್ವಾರ್ಟರ್ಸ್‌ನಲ್ಲಿ. ಅದನ್ನೂ ಇವತ್ತಲ್ಲ ನಾಳೆ ಖಾಲಿ ಮಾಡಬೇಕು. ಪಿಯುಸಿ ಪಾಸಾಗಿದ್ದಾರೆ, ಬಿ.ಎ. ಅರ್ಧಕ್ಕೆ ನಿಂತಿದೆ. ಮನೆಯಲ್ಲೇ ಬ್ಲೌಸ್ ಹೊಲಿದು ಒಂದಿಷ್ಟು ದುಡಿಯುತ್ತಾರೆ.

ಅನುಕಂಪದ ಆಧಾರದ ಮೇಲೆ ಇಲಾಖೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿ, ಅಂದರೆ ಎಸ್‌ಡಿಎ ಹುದ್ದೆಗೆ ಅರ್ಜಿ ಹಾಕಿ ಅಂತ ಗಂಡನ ಜತೆಯವರು ಹೇಳುತ್ತಲೇ ಇದ್ದರು. ಒಬ್ಬರು ಅರ್ಜಿಯನ್ನು ಟೈಪ್ ಮಾಡಿಸಿಯೂ ಕೊಟ್ಟಿದ್ದರು. ಅದು ಮೂರು ತಿಂಗಳಿಂದ ಬೀರುವಿನಲ್ಲಿತ್ತು, ಸಹಿ ಆಗಿರಲಿಲ್ಲ.

‘ನೌಕರಿ ಬಿಡಬಾರದು ಅಂತ ನನಗೂ ಗೊತ್ತದ ಮೇಡಂ. ಆದ್ರ ಆ ಎಸ್ಪಿ ಆಫೀಸಿನ ಕಂಪೌಂಡ್ ನೋಡಿದ್ರ ಕಾಲು ಮುಂದಕ್ಕ ಹೋಗೂದಿಲ್ಲ’ ಅಂದರು. ಮೊದಲ ಭೇಟಿಯಲ್ಲಿ ಬೇರೆ ಏನೂ ಜಾಸ್ತಿ ಹೇಳಲಿಲ್ಲ.

ಕಾಲು ಮುಂದಕ್ಕೆ ಹೋಗದಿರೋದಕ್ಕೆ ಒಂದೇ ಕಾರಣ ಇರುತ್ತೆ ಅಂತ ನಾನು ಯಾವತ್ತೂ ನಂಬೋದಿಲ್ಲ. ಎರಡನೇ ಭೇಟಿಯ ಹೊತ್ತಿಗೆ ಮಾತು ಬಿಚ್ಚಿತು. ‘ಕೋಟಿ ರೂಪಾಯಿ ನೌಕರಿ, ಪುಣ್ಯ ಮಾಡಿದ್ದಿ’ ಅಂತ ಓಣಿಯ ಹೆಂಗಸೊಬ್ಬರು ಹದಿನೈದನೇ ದಿನಕ್ಕೇ ಅಂದಿದ್ದರಂತೆ. ಗಂಡ ಸತ್ತದ್ದು ತನಗೆ ಲಾಭ ಆದ ಹಾಗೆ ಜನ ಮಾತಾಡ್ತಾರೆ ಅನ್ನೋ ಸಂಕಟ ಅದು. ಇನ್ನೊಂದು ಕಡೆ ಅತ್ತೆ. ‘ನೀ ಹೆಂಗಸು, ಪೊಲೀಸರ ನಡುವ ಎಲ್ಲಿ ಕುಂದರ್ತಿ? ಸಣ್ಣಾತಗ ಮಾಡಿಸು, ಅಂವ ನಿನ್ನ ಮಗನ್ನ ನೋಡ್ಕೊಂತಾನ’ ಅಂತ ದಿನಾ ಒಂದೇ ಮಾತು. ಸಣ್ಣಾತ ಅಂದರೆ ಮೈದುನ. ತವರಿನ ಅಪ್ಪ ಬೇರೆ ಹಾದಿ ಹೇಳುತ್ತಿದ್ದರು: ಮಗ ದೊಡ್ಡವನಾಗಲಿ, ಹುದ್ದೆ ಅವನಿಗೇ ಇಟ್ಟಿರೋಣ.

ನಾನು ವಕೀಲಳಲ್ಲ. ಆದರೆ ಮನಸ್ಸಿನ ಮಾತಿಗೆ ಮುಂಚೆ ಕಾಗದದ ಮಾತು ತೀರಬೇಕಾದ ಪ್ರಕರಣಗಳಿರುತ್ತವೆ, ಇದು ಅಂಥದ್ದು. ನಮ್ಮಲ್ಲಿ ಇದಕ್ಕೆ 1996ರ ನಿಯಮಗಳಿವೆ, ಆಮೇಲೆ ತಿದ್ದುಪಡಿಗಳೂ ಆಗಿವೆ. ನೌಕರ ತೀರಿಕೊಂಡ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮದುವೆಯಾದ ನೌಕರ ತೀರಿಕೊಂಡರೆ ಮೊದಲ ಅವಕಾಶ ಹೆಂಡತಿಗೆ, ಆಮೇಲೆ ಮಕ್ಕಳಿಗೆ. ತೀರಿಕೊಂಡವರ ತಮ್ಮ ಆ ಪಟ್ಟಿಯಲ್ಲಿ ಬರೋದಿಲ್ಲ. ಅಂದಮೇಲೆ ಅತ್ತೆ ಕೇಳುತ್ತಿದ್ದದ್ದು ಶೈಲಾ ಬಿಟ್ಟುಕೊಟ್ಟರೂ ಆಗದ ಕೆಲಸ. ಏಳು ವರ್ಷದ ಹುಡುಗನಿಗಾಗಿ ಹನ್ನೊಂದು ವರ್ಷ ಹುದ್ದೆ ಕಾದು ಕೂರೋದಿಲ್ಲ. ಈ ನೇಮಕಾತಿ ಆಸ್ತಿಯ ಹಾಗೆ ಬರುವ ಹಕ್ಕಲ್ಲ, ದುಡಿಯುವವರು ಹೋದಾಗ ಮನೆ ಬೀಳದಿರಲಿ ಅಂತ ಕೊಡುವ ಆಸರೆ ಅಂತ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ಇದನ್ನೆಲ್ಲ ನನ್ನ ಬಾಯಿಂದ ಕೇಳಿ ನಂಬಬೇಡಿ, ಕಚೇರಿಯ ಆಡಳಿತ ಶಾಖೆಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ, ಹೋಗುವಾಗ ಮೈದುನನನ್ನೂ ಕರೆದುಕೊಂಡು ಹೋಗಿ ಅಂದೆ. ಅವನ ಕಿವಿಗೇ ಬೀಳಲಿ ಅಂತ. ಹೋಗಿ ಬಂದರು. ಮನೆಯಲ್ಲಿ ಎರಡು ದಿನ ಯಾರೂ ಮಾತಾಡಲಿಲ್ಲವಂತೆ. ಆದರೆ ‘ಸಣ್ಣಾತಗ ಮಾಡಿಸು’ ಅನ್ನೋದು ನಿಂತಿತು.

ಅಲ್ಲಿಗೆ ಉಳಿದದ್ದು ನಿಜವಾದ ಪ್ರಶ್ನೆ. ಶೈಲಾಗೆ ಈ ಕೆಲಸ ಆಗುತ್ತಾ?

ಇಲ್ಲಿ ಒಂದು ವಿಷಯ ಗಮನಿಸಿದೆ. ಎಲ್ಲರೂ ‘ಪೊಲೀಸ್ ನೌಕರಿ’ ಅಂತಿದ್ದರೇ ಹೊರತು ಕೆಲಸ ಏನು ಅಂತ ಒಬ್ಬರೂ ಹೇಳಿರಲಿಲ್ಲ. ಶೈಲಾ ಕಣ್ಣ ಮುಂದೆ ಇದ್ದದ್ದು ಠಾಣೆ. ಲಾಕಪ್, ಬೈಗುಳ, ರಾತ್ರಿ ಪಾಳಿ, ಕುಡಿದು ಗಲಾಟೆ ಮಾಡಿದವನ ಕಾಲರ್ ಹಿಡಿದು ತರೋದು. ಇಷ್ಟು ವರ್ಷ ಗಂಡನ ಬಾಯಲ್ಲಿ ಕೇಳಿದ್ದು ಅದನ್ನೇ ಅಲ್ವಾ? ಸಮವಸ್ತ್ರ ಇಲ್ಲದ ಪೊಲೀಸ್ ಕಚೇರಿಯ ಪರಿಚಯವೇ ಅವರಿಗಿರಲಿಲ್ಲ.

ಬೇರೆ ಜಿಲ್ಲೆಯ ಪೊಲೀಸ್ ಕಚೇರಿಯಲ್ಲಿ ಶಾಖಾಧೀಕ್ಷಕಿಯಾಗಿ ನಿವೃತ್ತರಾದ ಒಬ್ಬರು ನನಗೆ ಗೊತ್ತು. ಶೈಲಾ ಒಪ್ಪಿದ ಮೇಲೆ ಇಬ್ಬರನ್ನೂ ಕೂರಿಸಿದೆ. ಆ ಹಿರಿಯರು ಸುಮ್ನೆ ಧೈರ್ಯ ಹೇಳಲಿಲ್ಲ. ಬಿಳಿ ಹಾಳೆ ತಗೊಂಡು ಕಚೇರಿಯ ನಕ್ಷೆಯನ್ನೇ ಬರೆದರು. ಇದು ಟಪಾಲು, ಬಂದ ಕಾಗದ ಇಲ್ಲಿ ಆವಕ ಆಗುತ್ತೆ, ಹೋಗುವ ಕಾಗದ ಜಾವಕ ಆಗುತ್ತೆ. ಇದು ಆಡಳಿತ ಶಾಖೆ, ಸಿಬ್ಬಂದಿಯ ವರ್ಗಾವಣೆ, ರಜೆ, ವಾರ್ಷಿಕ ವೇತನ ಬಡ್ತಿ, ಸೇವಾ ಪುಸ್ತಕ. ಇದು ಲೆಕ್ಕ ಶಾಖೆ, ಎಚ್‌ಆರ್‌ಎಂಎಸ್ ಅನ್ನೋ ಸರ್ಕಾರಿ ತಂತ್ರಾಂಶದಲ್ಲಿ ಸಂಬಳದ ಬಿಲ್ಲು, ಪ್ರಯಾಣ ಭತ್ಯೆ, ಆಸ್ಪತ್ರೆ ಖರ್ಚಿನ ಬಿಲ್ಲು. ಇದು ಅಪರಾಧ ಶಾಖೆ, ಠಾಣೆಗಳಿಂದ ಬರುವ ವರದಿ, ಮೇಲಿನವರಿಗೆ ಕಳಿಸುವ ಅಂಕಿ ಅಂಶ. ‘ನಾವು ಲಿಪಿಕ ಸಿಬ್ಬಂದಿ, ನಮಗೆ ಟೋಪಿ ಇಲ್ಲ, ಲಾಠಿ ಇಲ್ಲ, ಯಾರನ್ನೂ ಹಿಡಿಯೋ ಅಧಿಕಾರ ಇಲ್ಲ. ನಮ್ಮ ಲಾಠಿ ಅಂದ್ರೆ ಟಿಪ್ಪಣಿ ಹಾಳೆ’ ಅಂತ ನಕ್ಕರು.

ಕಷ್ಟವನ್ನೂ ಮುಚ್ಚಿಡಲಿಲ್ಲ. ಕಚೇರಿ ಸಮಯ ಹತ್ತರಿಂದ ಐದೂವರೆ ಅಂತ ಕಾಗದದ ಮೇಲಿರುತ್ತೆ. ಗಣೇಶ ಹಬ್ಬ, ಚುನಾವಣೆ, ಮಂತ್ರಿಗಳ ಪ್ರವಾಸ ಬಂತೆಂದರೆ ಬಂದೋಬಸ್ತ್ ಆದೇಶ ಹೊರಡುವವರೆಗೆ ಎದ್ದು ಹೋಗೋ ಹಾಗಿಲ್ಲ. ಶಿಸ್ತಿನ ಇಲಾಖೆ, ಸಾಹೇಬರ ದನಿ ಏರಿದರೆ ಏರಿದ್ದೇ. ಸಮವಸ್ತ್ರದವರು ಕೆಲವರು ಲಿಪಿಕರನ್ನು ಲೆಕ್ಕಕ್ಕೇ ಇಟ್ಟುಕೊಳ್ಳೋದಿಲ್ಲ, ಬಡ್ತಿ ಕಡತ ಬಂದಾಗ ಮಾತ್ರ ‘ಮೇಡಂ’ ಅಂತಾರೆ. ಆ ಕಡತದ ಜತೆ ಕವರು ಕೊಡೋರೂ ಇರ್ತಾರೆ. ‘ಮೊದಲ ಸಲ ಬೇಡ ಅಂದ್ರೆ ಎರಡನೇ ಸಲ ತರೋದಿಲ್ಲ. ಮೊದಲ ಸಲ ಟೀ ಕುಡಿದೆ ಅಂದ್ರೆ ಮುಗೀತು.’ ಈ ಮಾತನ್ನು ಶೈಲಾ ಡೈರಿಯಲ್ಲಿ ಬರೆದುಕೊಂಡದ್ದನ್ನು ನೋಡಿದೆ.

ಸಂಬಳದ ಲೆಕ್ಕ ಬೇಗ ಮುಗಿಯಿತು. 7ನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್‌ನಿಂದ ಎಸ್‌ಡಿಎ ಮೂಲ ವೇತನ 34,100 ರೂಪಾಯಿಯಿಂದ ಶುರುವಾಗುತ್ತೆ, ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಹೊಲಿಗೆಯಿಂದ ಇಷ್ಟು ಬರಲ್ಲ ಅಂತ ಶೈಲಾಗೆ ನಾನು ಹೇಳಬೇಕಾಗಿರಲಿಲ್ಲ. ಆದರೆ ಒಂದನ್ನು ಒತ್ತಿ ಹೇಳಿದೆ. ಈ ನೇಮಕಾತಿಯಲ್ಲಿ, ತೀರಿಕೊಂಡವರ ಮೇಲೆ ಅವಲಂಬಿತರಾದ ಉಳಿದವರನ್ನು ನೋಡಿಕೊಳ್ಳುತ್ತೇನೆ ಅಂತ ಬರೆದುಕೊಡಬೇಕಾಗುತ್ತೆ. ಅತ್ತೆಯೂ ಆ ಲೆಕ್ಕದಲ್ಲಿ ಬರಬಹುದು. ಜಗಳ ಇದೆ ಅಂತ ಅತ್ತೆಯನ್ನು ಬಿಟ್ಟು ತವರಿಗೆ ಹೋಗಿ ಕೂತರೆ ಮುಂದೆ ತೊಂದರೆಯಾದೀತು. ತಿಂಗಳಿಗೆ ಇಂತಿಷ್ಟು ಅತ್ತೆಯ ಖಾತೆಗೆ ಬ್ಯಾಂಕ್ ಮೂಲಕವೇ ಹೋಗಲಿ, ಕೈಗೆ ಕೊಡಬೇಡಿ, ಕೊಟ್ಟದ್ದಕ್ಕೆ ದಾಖಲೆ ಇರಲಿ ಅಂದೆ. ಪಿಂಚಣಿಯ ಪ್ರಶ್ನೆಯನ್ನೂ ಬಾಯಿಮಾತಲ್ಲಿ ಬಿಡದೆ ಲೆಕ್ಕ ಶಾಖೆಯಲ್ಲಿ ಬರಹದಲ್ಲಿ ಕೇಳಲು ಹೇಳಿದೆ.

ಇಷ್ಟಾದರೂ ಕಂಪೌಂಡ್ ಹಾಗೇ ಉಳಿದಿತ್ತು. ಅದಕ್ಕೆ ನಾನು ಕೊಟ್ಟ ಸಲಹೆ ಇದು. ಅರ್ಜಿಗೆ ಈಗಲೇ ಸಹಿ ಮಾಡಬೇಡಿ. ಗಂಡನ ಬಾಕಿ ಹಣದ ಕಡತ ಎಲ್ಲಿಗೆ ಬಂತು ಅಂತ ವಿಚಾರಿಸೋ ಕೆಲಸ ಹೇಗೂ ಇದೆ. ಬೇರೆಯವರನ್ನು ಕಳಿಸದೆ ನೀವೇ ಹೋಗಿ. ಕೆಲಸ ಆದ ಕೂಡಲೇ ಓಡಿ ಬರಬೇಡಿ, ಬೆಂಚಿನ ಮೇಲೆ ಒಂದು ಗಂಟೆ ಕೂತು ಬನ್ನಿ. ಎಲ್ಲಿ ಎದೆ ಹಿಡಿದ ಹಾಗಾಯಿತು, ಎಲ್ಲಿ ಆಗಲಿಲ್ಲ, ಅಷ್ಟು ಮಾತ್ರ ಗುರುತು ಮಾಡಿಕೊಳ್ಳಿ.

ಅವರು ತಂದ ಉತ್ತರ ನಾನು ಅಂದುಕೊಂಡದ್ದಲ್ಲ. ಗೇಟಿನ ಸೆಂಟ್ರಿ ಎದ್ದು ನಿಂತು ‘ವೈನಿ, ಬರ್ರಿ’ (ವೈನಿ ಅಂದರೆ ಅತ್ತಿಗೆ) ಅಂದಾಗ ಅಳು ಬಂತಂತೆ, ಆದರೆ ತಡೆದುಕೊಂಡರಂತೆ. ಸಮವಸ್ತ್ರದ ಗದ್ದಲಕ್ಕೆ ಏನೂ ಆಗಲಿಲ್ಲವಂತೆ. ಆಡಳಿತ ಶಾಖೆಯಲ್ಲಿ ಮಾತ್ರ, ಗುಮಾಸ್ತರೊಬ್ಬರು ಗಂಡನ ಸೇವಾ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಮೊದಲ ಪುಟದಲ್ಲಿ ಇಪ್ಪತ್ತೆರಡು ವರ್ಷದ ಹುಡುಗನ ಫೋಟೋ, ಎತ್ತರ, ಎದೆಯ ಅಳತೆ, ಗುರುತಿಗೆ ಎಡ ಹುಬ್ಬಿನ ಮೇಲಿನ ಮಚ್ಚೆ. ಕೊನೆಯ ನಮೂದು ಕೆಂಪು ಶಾಯಿಯಲ್ಲಿ ಎರಡು ಸಾಲು. ‘ಅಲ್ಲಿ ಕುಂದರಾಕ ಆಗಂಗಿಲ್ಲ ಮೇಡಂ. ಇವರಂಥವರ ಪುಸ್ತಕ ದಿನಾ ನನ್ನ ಕೈಗೆ ಬಂದ್ರ?’

ಆ ಮಾತಿನಿಂದ ನಮಗೆ ದಾರಿ ಸಿಕ್ಕಿತು. ಆಗದೇ ಇದ್ದದ್ದು ಇಲಾಖೆಯಲ್ಲ, ಒಂದು ಮೇಜು. ಅದನ್ನು ಹೇಳಿ ಕೇಳಬಹುದು. ನೇಮಕಾತಿ ಆದೇಶಕ್ಕೆ ಮುಂಚೆಯೇ ಒಂದು ಪುಟದ ಮನವಿ ಕೊಡಿ ಅಂದೆ. ಪತಿ ಕೆಲಸ ಮಾಡಿದ ಘಟಕ ಬಿಟ್ಟು ಅದೇ ಊರಿನ ಬೇರೆ ಪೊಲೀಸ್ ಕಚೇರಿ ಸಾಧ್ಯವೇ? ಇಲ್ಲದಿದ್ದರೆ ಮೊದಲ ವರ್ಷ ಟಪಾಲು ಅಥವಾ ಲೆಕ್ಕ ಶಾಖೆ ಕೊಡಬಹುದೇ? ಕೊಡಲೇಬೇಕು ಅಂತ ನಿಯಮವಿಲ್ಲ, ಅದು ಮೇಲಧಿಕಾರಿಯ ವಿವೇಚನೆ. ಆದರೆ ಕೇಳದೆ ಇದ್ದರೆ ಯಾರಿಗೂ ಹೊಳೆಯೋದಿಲ್ಲ. ಮನವಿಯಲ್ಲಿ ‘ಮಾನಸಿಕವಾಗಿ ಕುಗ್ಗಿದ್ದೇನೆ’ ಅನ್ನೋ ಥರ ಬರೆಯೋದು ಬೇಡ, ‘ಪತಿಯ ಸೇವಾ ಕಡತಗಳು ಇರುವ ಶಾಖೆಯಿಂದ ವಿನಾಯಿತಿ’ ಅಂತ ನೇರವಾಗಿ ಬರೆಯಿರಿ ಅಂದೆ. ಮೊದಲನೆಯದನ್ನು ಓದಿದವರು ‘ಈ ಹೆಣ್ಮಗಳಿಗೆ ಕೆಲಸ ಮಾಡೋಕೆ ಆಗಲ್ಲ’ ಅಂದುಕೊಳ್ತಾರೆ. ಎರಡನೆಯದನ್ನು ಯಾರು ಓದಿದರೂ ಅರ್ಥವಾಗುತ್ತೆ.

‘ವೈನಿ’ ಅನ್ನೋ ಕರೆಯ ಬಗ್ಗೆಯೂ ಒಂದಿಡೀ ಭೇಟಿ ಮಾತಾಡಿದೆವು. ಪ್ರೀತಿಯಿಂದಲೇ ಕರೀತಾರೆ. ಆದರೆ ಹತ್ತು ವರ್ಷ ವೈನಿಯಾಗೇ ಉಳಿದರೆ ತಪ್ಪು ಬಿಲ್ಲು ವಾಪಸ್ ಕಳಿಸೋದು ಹೇಗೆ? ‘ಆಫೀಸಿನಾಗ ಮೇಡಂ ಅನ್ರಿ, ಮನೀಗೆ ಬಂದಾಗ ವೈನಿ ಅನ್ರಿ’ ಅಂತ ಮೊದಲ ವಾರದಲ್ಲೇ ನಗುತ್ತಾ ಹೇಳೋದು ಅಂತ ಅವರೇ ತೀರ್ಮಾನಿಸಿದರು. ಇನ್ನೊಂದು ಅಭ್ಯಾಸ ಓಣಿಯವರಿಗಾಗಿ. ‘ನಮ್ಮ ಹುಡುಗನ ಮ್ಯಾಲ ಕೇಸ್ ಆಗೇದ, ಫೈಲ್ ಎಲ್ಲಿಗೆ ಬಂತು ನೋಡವಾ’ ಅಂತ ಬರುವವರು ಬಂದೇ ಬರ್ತಾರೆ. ಕಚೇರಿಯ ಮಾಹಿತಿ ಹೊರಗೆ ಹೇಳೋದು ನಡತೆ ನಿಯಮಕ್ಕೆ ವಿರುದ್ಧ. ಅದಕ್ಕೆ ಉತ್ತರವನ್ನು ನನ್ನ ಮುಂದೆಯೇ ಹೇಳಿ ಹೇಳಿ ರೂಢಿ ಮಾಡಿಕೊಂಡರು: ‘ಅದು ನನ್ನ ಮೇಜಿಗೆ ಬರಂಗಿಲ್ರಿ, ಆರ್‌ಟಿಐ ಅರ್ಜಿ ಹಾಕ್ರಿ, ಬರಿಯೋದು ಹೆಂಗ ಅಂತ ಬೇಕಾದ್ರ ಹೇಳ್ತೀನಿ.’ ದನಿ ಮೊದಮೊದಲು ನಡುಗುತ್ತಿತ್ತು, ಆಮೇಲಾಮೇಲೆ ಬೇಕಂತಲೇ ಗತ್ತು ತೋರಿಸತೊಡಗಿದರು.

ಇಂಥ ಪ್ರಕರಣಗಳಲ್ಲಿ ‘ನಿಮ್ಮ ಮನಸ್ಸು ಹೇಳಿದ ಹಾಗೆ ಮಾಡಿ’ ಅಂತ ಕೈ ತೊಳೆದುಕೊಳ್ಳೋದು ನನಗೆ ಒಪ್ಪಿಗೆಯಾಗೋದಿಲ್ಲ. ಅರ್ಜಿಗೆ ಕೊನೇ ದಿನ ಇದ್ದಾಗ, ದುಃಖ ಇಳಿಯಲಿ ಅಂತ ಕಾಯೋದೂ ಒಂದು ತೀರ್ಮಾನವೇ. ಹಾಗಾಗಿ ನನ್ನ ಅಭಿಪ್ರಾಯ ಮುಚ್ಚಿಡಲಿಲ್ಲ: ಅರ್ಜಿ ಹಾಕಿ. ಆದೇಶ ಬಂದ ಮೇಲೂ ಬೇಡ ಅನ್ನಬಹುದು. ಅವಧಿ ಮುಗಿದ ಮೇಲೆ ಬೇಕು ಅನ್ನೋಕೆ ಆಗಲ್ಲ.

ಹತ್ತನೇ ತಿಂಗಳಲ್ಲಿ ಅರ್ಜಿ ಕೊಟ್ಟರು. ಸ್ವೀಕೃತಿ ಮೊಹರು ಹಾಕಿಸಿಕೊಂಡ ಪ್ರತಿಯ ಫೋಟೋ ನನಗೂ ಕಳಿಸಿದರು. ಆದೇಶ ಬರೋದಕ್ಕೆ ಕೆಲವು ತಿಂಗಳು ಹಿಡಿಯಿತು. ಬೇರೆ ಕಚೇರಿ ಸಿಗಲಿಲ್ಲ, ಲೆಕ್ಕ ಶಾಖೆ ಸಿಕ್ಕಿತು. ಈಗ ಪ್ರೊಬೇಷನ್‌ನಲ್ಲಿದ್ದಾರೆ. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕು, ಮುಂದೆ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕಿ ಆಗಬೇಕಾದರೆ ಇಲಾಖಾ ಪರೀಕ್ಷೆಗಳಿವೆ. ನಿಂತುಹೋದ ಬಿ.ಎ. ಕೂಡ ಮುಗಿಸಬೇಕು ಅಂತ ಮನಸ್ಸಿದೆ. ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ, ಈ ವರ್ಷ ಕಂಪ್ಯೂಟರ್ ಪರೀಕ್ಷೆ ಒಂದೇ ಸಾಕು ಅಂದಿದ್ದೇನೆ.

ಒಮ್ಮೆ ಮಾತ್ರ ಕಷ್ಟವಾಯಿತು. ಕರ್ತವ್ಯದಲ್ಲಿದ್ದಾಗ ತೀರಿಕೊಂಡ ಇನ್ನೊಬ್ಬ ಸಿಬ್ಬಂದಿಯ ಕೊನೆಯ ಸಂಬಳದ ಬಿಲ್ಲು ಇವರ ಮೇಜಿಗೇ ಬಂತು. ಪಕ್ಕದವರಿಗೆ ಕೊಡಬಹುದಿತ್ತು, ಕೊಡಲಿಲ್ಲ. ‘ಆ ಹೆಣ್ಮಗಳು ಎಷ್ಟು ಸಲ ಅಡ್ಡಾಡಬೇಕು ಅಂತ ನನಗ ಗೊತ್ತದಲ್ಲ’ ಅಂದರು. ಎರಡು ದಿನದಲ್ಲಿ ಬಿಲ್ಲು ಮೇಲಕ್ಕೆ ಹೋಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಅಂತಲೂ ಹೇಳಿದರು. ಮುಂದೆ ಇಂಥದ್ದು ಬಂದರೆ ಆ ಸಂಜೆ ಒಬ್ಬರೇ ಇರಬೇಡಿ, ತಂಗಿಗೆ ಫೋನ್ ಮಾಡಿ ಅಂತ ಮಾತಾಗಿದೆ.

ಮೈದುನ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಅವನು ಈಗ ಕಾನ್ಸ್‌ಟೇಬಲ್ ಪರೀಕ್ಷೆಗೆ ಓದುತ್ತಿದ್ದಾನೆ, ಕೋಚಿಂಗ್ ಫೀ ಶೈಲಾ ಕಟ್ಟಬೇಕು ಅಂತ ಅತ್ತೆಯ ಆಸೆ. ಕಟ್ಟಬೇಕಾ ಬೇಡವಾ, ಕಟ್ಟಿದರೆ ಎಷ್ಟು ದಿನ ಅಂತ ಮಾತಾಡೋದಕ್ಕೆ ಮುಂದಿನ ಭೇಟಿ ಇಟ್ಟುಕೊಂಡಿದ್ದೇವೆ. ಅತ್ತೆಯನ್ನೂ ಕರೆತರೋದಾಗಿ ಹೇಳಿದ್ದಾರೆ.