ಇಂಗ್ಲಿಷ್ ಪ್ರಬಂಧದ ತುಂಬ 'ಮೇ', 'ಮೈಟ್' ಹಾಕಿದರೆ ಸಾಕೇ?

ನಿಮ್ಮ ಮಾರ್ಗದರ್ಶಕರು ಹೇಳಿದ್ದು ಸರಿ. ಅದಕ್ಕೆ ನೀವು ಕಂಡುಕೊಂಡ ಪರಿಹಾರ ಮಾತ್ರ ಸರಿಯಲ್ಲ. 'ಡ್ರಿಪ್ ಇರಿಗೇಷನ್ ಇನ್‌ಕ್ರೀಸಸ್ ಫಾರ್ಮ್ ಇನ್‌ಕಮ್' ಎಂದು ನೀವು ಬರೆದ ವಾಕ್ಯದ ಪಕ್ಕದಲ್ಲಿ ಅವರು 'ಟೂ ಸ್ಟ್ರಾಂಗ್' ಎಂದು ಗೀಚಿದರು. ನೀವು ಸಿಟ್ಟಿಗೋ ಭಯಕ್ಕೋ ಪ್ರಬಂಧದ ತುಂಬ 'ಮೇ' ಸುರಿದಿರಿ. ಈಗ ಅದೂ ಅವರಿಗೆ ಹಿಡಿಸುತ್ತಿಲ್ಲ. ಗಟ್ಟಿಯಾಗಿ ಹೇಳಿದರೆ ಉದ್ಧಟತನ, ಮೆತ್ತಗೆ ಹೇಳಿದರೆ ಅಳುಕು, ಹಾಗಾದರೆ ಇಂಗ್ಲಿಷಿನಲ್ಲಿ ಅಭಿಪ್ರಾಯ ಹೇಳುವುದು ಹೇಗೆ ಎಂದು ಕೇಳಿದ್ದೀರಿ.

ಸಂಶೋಧನಾ ಪ್ರಬಂಧಗಳ ಇಂಗ್ಲಿಷ್ ತಿದ್ದುವುದು ನನ್ನ ಹೊಟ್ಟೆಪಾಡು. ಹೀಗೆ ಮಾತಿನ ಬಿಗಿಯನ್ನು ಸಡಿಲಿಸುವ ಪದಗಳನ್ನು ಭಾಷಾಶಾಸ್ತ್ರದವರು 'ಹೆಡ್ಜ್' ಎನ್ನುತ್ತಾರೆ. ಇದನ್ನು ವಿನಯದ ಲಕ್ಷಣವೆಂದು ಕಲಿಸುವವರೇ ಹೆಚ್ಚು. ನನಗೆ ಅದು ಲೆಕ್ಕ ಒಪ್ಪಿಸುವ ಕೆಲಸವಾಗಿ ಕಾಣುತ್ತದೆ. ಕೈಯಲ್ಲಿರುವ ಪುರಾವೆ ಎಲ್ಲಿಗೆ ಮುಗಿಯಿತು, ಊಹೆ ಎಲ್ಲಿಂದ ಶುರುವಾಯಿತು ಎಂದು ಓದುಗನಿಗೆ ತೋರಿಸಬೇಕು. ಆ ಜಾಗ ಬರೆಯುವವನಿಗೇ ಗೊತ್ತಿಲ್ಲದಿದ್ದರೆ ಎಷ್ಟು 'ಮೇ' ಹಾಕಿದರೂ ದಂಡ.

ನಿಮ್ಮ ವಾಕ್ಯವನ್ನೇ ಹಿಡಿದು ನೋಡೋಣ. ನೀವು ಹೋಗಿದ್ದು ಶಿಡ್ಲಘಟ್ಟದ ಕಡೆಯ ಕೆಲವು ಹಳ್ಳಿಗಳಿಗೆ, ಮಾತನಾಡಿಸಿದ್ದು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರನ್ನು. ಹನಿ ನೀರಾವರಿ ಇದ್ದವರ ಆದಾಯ ಇಲ್ಲದವರಿಗಿಂತ ಹೆಚ್ಚಿತ್ತು. ನಿಮ್ಮ ಬಳಿ ಇರುವುದು ಇಷ್ಟೇ. ವಾಕ್ಯ ಮಾತ್ರ ಎಲ್ಲ ಊರಿನಲ್ಲೂ, ಎಲ್ಲ ಬೆಳೆಗೂ, ಪೈಪು ಎಳೆದ ಕಾರಣಕ್ಕಾಗಿಯೇ ಆದಾಯ ಏರುತ್ತದೆ ಎಂದು ಸಾರುತ್ತಿದೆ. ಆ ಕಡೆಯ ಕೊಳವೆಬಾವಿಗಳ ಪಾಡು ನಿಮಗೆ ಗೊತ್ತೇ ಇದೆ. ನೀರು ಸಿಕ್ಕವನು ಡ್ರಿಪ್ ಹಾಕಿಸುತ್ತಾನೆ. ಬಾವಿ ಬತ್ತಿದವನು ಪೈಪು ತಂದು ಏನು ಮಾಡಿಯಾನು? ಸಬ್ಸಿಡಿ ಇದೆ ಎಂದರೂ ಅರ್ಜಿ ಹಾಕಿ, ಕಚೇರಿಗೆ ಅಲೆದು, ತನ್ನ ಪಾಲಿನ ಹಣ ಹೊಂದಿಸುವ ತ್ರಾಣ ಇದ್ದವನಿಗೇ ಅದು ದಕ್ಕುವುದು. ಹಾಗಿದ್ದ ಮೇಲೆ ಆದಾಯ ತಂದದ್ದು ಡ್ರಿಪ್ಪೋ, ನೀರೋ, ಮೊದಲೇ ಇದ್ದ ಅನುಕೂಲವೋ?

'ಡ್ರಿಪ್ ಮೇ ಇನ್‌ಕ್ರೀಸ್ ಇನ್‌ಕಮ್' ಎಂದು ತಿದ್ದಿದರೆ ಈ ಸಂದೇಹಗಳಲ್ಲಿ ಒಂದೂ ಓದುಗನಿಗೆ ತಲುಪುವುದಿಲ್ಲ. ನೀವು ಯಾವುದಕ್ಕೋ ಹೆದರಿದ್ದೀರಿ ಎಂಬುದಷ್ಟೇ ತಲುಪುತ್ತದೆ. ನಾನಾಗಿದ್ದರೆ ವಾಕ್ಯವನ್ನು ಎರಡಾಗಿ ಒಡೆಯುತ್ತಿದ್ದೆ. ಮೊದಲನೆಯದರಲ್ಲಿ ಕಂಡದ್ದು ಮಾತ್ರ, ಯಾವ 'ಮೇ' ಕೂಡ ಇಲ್ಲದೆ: 'ಇನ್ ದ ವಿಲೇಜಸ್ ಸರ್ವೇಡ್, ಹೌಸ್‌ಹೋಲ್ಡ್ಸ್ ವಿತ್ ಡ್ರಿಪ್ ರಿಪೋರ್ಟೆಡ್ ಹೈಯರ್ ಇನ್‌ಕಮ್ಸ್.' ಹಿಂದೆಯೇ ನಿಮ್ಮ ಅಂಕಿಗಳು. ಇಲ್ಲಿ 'ರಿಪೋರ್ಟೆಡ್' ಎಂಬ ಕ್ರಿಯಾಪದ ಸದ್ದಿಲ್ಲದೆ ದೊಡ್ಡ ಕೆಲಸ ಮಾಡುತ್ತಿದೆ. ನೀವು ಯಾರ ಪಾಸ್‌ಬುಕ್ಕನ್ನೂ ತೆರೆದು ನೋಡಲಿಲ್ಲ, ರೈತರು ಹೇಳಿದ್ದನ್ನು ಬರೆದುಕೊಂಡಿರಿ ಎಂಬುದು ಆ ಒಂದು ಪದದಲ್ಲಿ ಬಂತು. ಎರಡನೆಯ ವಾಕ್ಯದಲ್ಲಿ ಊಹೆ: 'ದಿಸ್ ಮೇ ಪಾರ್ಟ್ಲಿ ರಿಫ್ಲೆಕ್ಟ್ ಬೆಟರ್ ಆ್ಯಕ್ಸೆಸ್ ಟು ಗ್ರೌಂಡ್‌ವಾಟರ್.' ಇದ್ದದ್ದು ಒಂದೇ 'ಮೇ', ಅದಕ್ಕೆ ಕೂಲಿ ಗಿಟ್ಟುವ ಜಾಗದಲ್ಲೇ ಇದೆ.

'ಇಟ್ ಮೇ ಪರ್‌ಹ್ಯಾಪ್ಸ್ ಸೀಮ್ ಪಾಸಿಬಲ್ ದಟ್' ಎಂದು ಒಂದೇ ವಾಕ್ಯಕ್ಕೆ ನಾಲ್ಕು ಅನುಮಾನ ತುರುಕುವವರಿದ್ದಾರೆ. 'ವಿ ಮೇ ಹ್ಯಾವ್ ಸರ್ವೇಡ್' ಎಂದು ಬರೆದವರನ್ನೂ ನೋಡಿದ್ದೇನೆ. ಸರ್ವೆ ಮಾಡಿದಿರೋ ಇಲ್ಲವೋ ಎಂಬುದಾದರೂ ಖಚಿತವಾಗಿ ಗೊತ್ತಿರಬೇಡವೇ! ನೀವೇ ಮಾಡಿದ ಕೆಲಸ, ನೀವೇ ಎಣಿಸಿದ ಎಣಿಕೆ, ಇವಕ್ಕೆ ಹೆಡ್ಜ್ ಬೇಡ.

ನಮ್ಮವರು ಎಡವುವುದು ಬೇರೆ ಕಡೆ. ಅನುಮಾನದ ಮಾತು ಕನ್ನಡಿಗರಿಗೆ ಹೊಸದೇನಲ್ಲ. ಮೋಡ ಕಂಡವರು 'ಮಳೆ ಬರುವ ಹಾಗಿದೆ' ಎನ್ನುತ್ತಾರೆ, ರೇಡಿಯೊ ಕೇಳಿದವರು 'ಬರುತ್ತದಂತೆ' ಎನ್ನುತ್ತಾರೆ, ಎರಡೂ ಇಲ್ಲದವರು 'ಬಂದೀತು' ಎಂದು ಸುಮ್ಮನಾಗುತ್ತಾರೆ. ತೊಡಕು ಶುರುವಾಗುವುದು ನಮ್ಮ 'ಬಹುದು' ಇಂಗ್ಲಿಷಿನ 'ಕ್ಯಾನ್', 'ಮೇ' ಎರಡಕ್ಕೂ ಸಲ್ಲುವುದರಿಂದ. 'ಇದು ಕಾರಣವಿರಬಹುದು' ಎಂಬುದು 'ದಿಸ್ ಕ್ಯಾನ್ ಬಿ ದ ರೀಸನ್' ಆಗಿಬಿಡುತ್ತದೆ. ಅಲ್ಲಿ ಬೇಕಾದದ್ದು 'ಮೇ'. 'ಬೋರ್‌ವೆಲ್ಸ್ ಕ್ಯಾನ್ ಫೇಲ್' ಎಂದರೆ ಕೊಳವೆಬಾವಿಗಳು ಕೈಕೊಡುವುದುಂಟು ಎಂಬ ಲೋಕಾನುಭವ. 'ದಿಸ್ ಬೋರ್‌ವೆಲ್ ಮೇ ಫೇಲ್' ಎಂದರೆ ಈ ಒಂದು ಬಾವಿಯ ಮೇಲೆ ನನಗೆ ಭರವಸೆ ಸಾಲದು ಎಂದು. ಹಾಗೆಯೇ 'ಅವನಿಗೆ ಕಾಯಿಲೆ ಇರಬೇಕು' ಎನ್ನಲು ಹೋಗಿ 'ಹಿ ಶುಡ್ ಬಿ ಇಲ್' ಎಂದರೆ ಶಾಪ ಹಾಕಿದ ಹಾಗಾಗುತ್ತದೆ. ಅಲ್ಲಿ 'ಮಸ್ಟ್' ಬರಬೇಕು.

ಇವೆಲ್ಲಕ್ಕಿಂತ ಕೇಡು ಮಾಡುವುದು 'ಡೌಟ್'. ನೀರಿನ ಕೊರತೆಯೇ ಕಾರಣವೆಂದು ನಮ್ಮ ಅನುಮಾನ ಎಂಬ ಅರ್ಥದಲ್ಲಿ 'ವಿ ಡೌಟ್ ದಟ್ ವಾಟರ್ ಶಾರ್ಟೇಜ್ ಈಸ್ ದ ಕಾಸ್' ಎಂದು ಬರೆದಿರೋ, ಹೊರದೇಶದ ಓದುಗ ಅದನ್ನು ನೀರಿನ ಕೊರತೆ ಕಾರಣವಲ್ಲವೆಂದು ಓದಿಕೊಳ್ಳುತ್ತಾನೆ. ಇಡೀ ವಾದ ತಲೆಕೆಳಗು. 'ಸಸ್ಪೆಕ್ಟ್' ಎಂದು ಬರೆಯಿರಿ.

ಸರಿಯಾದ ಪದವನ್ನೇ ಆರಿಸಿದರೂ ಅದು ಎಲ್ಲರ ಕಿವಿಗೂ ಒಂದೇ ತೂಕದಲ್ಲಿ ಬೀಳುತ್ತದೆಂಬ ಖಾತರಿಯಿಲ್ಲ. 1951ರಲ್ಲಿ ಅಮೆರಿಕದ ಗುಪ್ತಚರ ವಿಶ್ಲೇಷಕರು ಯುಗೊಸ್ಲಾವಿಯಾದ ಮೇಲೆ ಸೋವಿಯತ್ ಬಣ ದಾಳಿ ಮಾಡುವುದು 'ಸೀರಿಯಸ್ ಪಾಸಿಬಿಲಿಟಿ' ಎಂದು ವರದಿ ಕೊಟ್ಟರು. ಹಾಗೆಂದರೆ ಎಷ್ಟು ಎಂದು ಅಧಿಕಾರಿಯೊಬ್ಬರು ವಿಚಾರಿಸಿದಾಗ, ಆ ತಂಡದ ಶರ್ಮನ್ ಕೆಂಟ್ ನೂರಕ್ಕೆ 65ರಷ್ಟು ಎಂದರು. ಕೇಳಿದವರು ಬೆಚ್ಚಿದರು, ಏಕೆಂದರೆ ಅವರು ಅದಕ್ಕಿಂತ ಬಹಳ ಕಡಿಮೆ ಎಂದುಕೊಂಡಿದ್ದರು. ಕೆಂಟ್ ತಮ್ಮ ಜೊತೆಗಾರರನ್ನೇ ಕೇಳಿ ನೋಡಿದರೆ ಅಲ್ಲಿಯೂ 20ರಿಂದ 80ರವರೆಗೆ ಒಬ್ಬೊಬ್ಬರದು ಒಂದೊಂದು ಲೆಕ್ಕ! ವರದಿಗೆ ಮಾತ್ರ ಎಲ್ಲರೂ ಒಪ್ಪಿದ್ದರು.

ಹವಾಮಾನ ಬದಲಾವಣೆಯ ವರದಿ ಸಿದ್ಧಪಡಿಸುವ ಐಪಿಸಿಸಿ ಈ ಗೊಂದಲಕ್ಕೆ ಆಸ್ಪದವಿಲ್ಲದಂತೆ ಪದಗಳಿಗೆ ಅಂಕಿ ಕಟ್ಟಿಬಿಟ್ಟಿದೆ. 'ಲೈಕ್ಲಿ' ಎಂದರೆ ಸಂಭವ ಕನಿಷ್ಠ ಶೇ 66, 'ವೆರಿ ಲೈಕ್ಲಿ' ಎಂದರೆ ಶೇ 90, 'ಎಕ್ಸ್‌ಟ್ರೀಮ್ಲಿ ಲೈಕ್ಲಿ' ಎಂದರೆ ಶೇ 95. ಇತ್ತೀಚಿನ ದಶಕಗಳ ತಾಪ ಏರಿಕೆಗೆ ಮುಖ್ಯವಾಗಿ ಮನುಷ್ಯನೇ ಕಾರಣ ಎಂಬ ಮಾತಿಗೆ 2001ರ ವರದಿ 'ಲೈಕ್ಲಿ' ಎಂದಿತು, 2007ರದು 'ವೆರಿ ಲೈಕ್ಲಿ', 2013ರದು 'ಎಕ್ಸ್‌ಟ್ರೀಮ್ಲಿ ಲೈಕ್ಲಿ'. 2021ರಲ್ಲಿ ಮನುಷ್ಯನ ಪ್ರಭಾವದಿಂದ ಭೂಮಿ ಬಿಸಿಯಾಗಿರುವುದು 'ಅನ್‌ಇಕ್ವಿವೊಕಲ್', ಅಂದರೆ ನಿಸ್ಸಂದೇಹ ಎಂದು ಬರೆದು ಹೆಡ್ಜನ್ನೇ ಕಿತ್ತುಹಾಕಿದರು. ಇಪ್ಪತ್ತು ವರ್ಷ ಅಷ್ಟು ಎಚ್ಚರದಿಂದ ಬರೆದವರ ಬಾಯಲ್ಲಿ ಬಂದದ್ದರಿಂದಲೇ ಆ ಪದಕ್ಕೆ ಅಷ್ಟು ಬೆಲೆ. ಹೆಡ್ಜ್ ಮಾಡುವವರು ಪುಕ್ಕಲರು ಎಂದು ಯಾರಾದರೂ ಅಂದರೆ ನಾನು ಈ ನಾಲ್ಕು ವರದಿಗಳನ್ನು ಮುಂದಿಡುತ್ತೇನೆ.

ವಿನಯದ ಹೆಡ್ಜ್ ಇಲ್ಲವೇ ಇಲ್ಲ ಎನ್ನುತ್ತಿಲ್ಲ. ಪತ್ರಿಕೆಗೆ ಕಳಿಸಿದ ಮೇಲೆ ವಿಮರ್ಶಕರಿಂದ 'ದಿ ಆಥರ್ಸ್ ಮೇ ವಿಶ್ ಟು ಕನ್ಸಿಡರ್' ಎಂಬ ಸಾಲು ಬರುತ್ತದೆ. ಇಷ್ಟವಿದ್ದರೆ ಮಾಡಿ ಎಂದು ತಿಳಿದು ಬಿಟ್ಟೀರಿ, ಜೋಕೆ. ಹೆಚ್ಚಿನ ಸಲ ಅದರ ಅರ್ಥ ಮಾಡಲೇಬೇಕು ಎಂದು. ನೀವು ಮಾರ್ಗದರ್ಶಕರಿಗೆ ಬರೆಯುವ ಇಮೇಲಿನಲ್ಲಿ 'ಐ ವಾಸ್ ವಂಡರಿಂಗ್ ಇಫ್' ಎನ್ನಿ, ಚೆನ್ನಾಗಿಯೇ ಇರುತ್ತದೆ. ಪ್ರಬಂಧದೊಳಗೆ ಆ ನಯ ಬೇಡ. 'ಇನ್ ಮೈ ಹಂಬಲ್ ಒಪೀನಿಯನ್' ಎಂಬುದನ್ನಂತೂ ಎಲ್ಲಿ ಕಂಡರೂ ಅಳಿಸಿ.

ಕೊನೆಯದಾಗಿ, ನಿಮ್ಮ ಮಾರ್ಗದರ್ಶಕರು ಗುರುತು ಹಾಕದೆ ಬಿಟ್ಟ ಒಂದು ಜಾಗವಿದೆ. ಶೀರ್ಷಿಕೆಯಲ್ಲಿ 'ಇಂಪ್ಯಾಕ್ಟ್ ಆಫ್ ಡ್ರಿಪ್ ಇರಿಗೇಷನ್ ಆನ್ ಫಾರ್ಮ್ ಇನ್‌ಕಮ್' ಎಂದಿಟ್ಟಿದ್ದೀರಿ. ನಮ್ಮ ಪ್ರಬಂಧಗಳಲ್ಲಿ ಹೆಜ್ಜೆಗೊಂದು 'ಇಂಪ್ಯಾಕ್ಟ್' ಸಿಗುವುದರಿಂದ ಅದು ಕಣ್ಣಿಗೆ ಬೀಳುವುದೇ ಇಲ್ಲ. ಒಳಗೆ ಎಷ್ಟೇ ಜಾಗ್ರತೆಯಿಂದ ಬರೆದರೂ, ಡ್ರಿಪ್ಪೇ ಕಾರಣ ಎಂಬ ತೀರ್ಪನ್ನು ಆ ಪದ ಮೊದಲ ಸಾಲಿನಲ್ಲೇ ಕೊಟ್ಟುಬಿಟ್ಟಿದೆ. 'ಡ್ರಿಪ್ ಇರಿಗೇಷನ್ ಆ್ಯಂಡ್ ಫಾರ್ಮ್ ಇನ್‌ಕಮ್' ಎಂದು ಬದಲಿಸಿ, ಹಳ್ಳಿಗಳಿರುವ ತಾಲ್ಲೂಕಿನ ಹೆಸರು ಸೇರಿಸಿ ಕಳಿಸಿ.