ಜಅ್‌ಫರ್(ರ) ಬದ್ರ್ ಯುದ್ಧದಲ್ಲಿ ಏಕಿರಲಿಲ್ಲ?

ಮಾನ್ಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಆರಂಭಕಾಲದ ಮುಸ್ಲಿಮರು ಅಬಿಸೀನಿಯಕ್ಕೆ (ಇಂದಿನ ಇಥಿಯೋಪಿಯ ಪ್ರದೇಶ) ಮಾಡಿದ ವಲಸೆಯ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಅಬೂತಾಲಿಬರ ಪುತ್ರರೂ ಹಝ್ರತ್ ಅಲಿ(ರ)ಯವರ ಅಣ್ಣನೂ ಆದ ಜಅ್‌ಫರ್(ರ), ಪ್ರವಾದಿವರ್ಯರಿಗೆ(ಸ) ಅಷ್ಟು ಹತ್ತಿರದ ಬಂಧುವಾಗಿದ್ದೂ ಮದೀನದ ಮುಸ್ಲಿಮರು ಮಕ್ಕದವರೊಂದಿಗೆ ಹೋರಾಡಿದ ಬದ್ರ್, ಉಹುದ್, ಖಂದಕ್ ಈ ಮೂರು ಯುದ್ಧಗಳಲ್ಲಿ ಒಂದರಲ್ಲೂ ಏಕೆ ಕಾಣಿಸುವುದಿಲ್ಲ ಎಂದು ಕೇಳಿದ್ದೀರಿ. ಮದೀನದಲ್ಲಿ ಸಮುದಾಯ ಸಂಕಷ್ಟದಲ್ಲಿದ್ದಾಗ ಅವರು ಸುರಕ್ಷಿತ ನಾಡಿನಲ್ಲಿ ನೆಮ್ಮದಿಯಾಗಿದ್ದರೇ ಎಂಬುದು ತಮ್ಮ ಮಾತಿನ ಧ್ವನಿ. ಶಿಯಾ ಪಂಥೀಯರು ಗೌರವಿಸುವ ಇಮಾಮ್ ಜಅ್‌ಫರ್ ಸಾದಿಕ್ ಇವರೇ ಹೌದೇ ಎಂದೂ ವಿಚಾರಿಸಿದ್ದೀರಿ.

ಮೊದಲ ಪ್ರಶ್ನೆಗೆ ಜಅ್‌ಫರರ ಬಾಯಿಂದಲೇ ಬಂದ ಉತ್ತರ ಬುಖಾರಿ ಮತ್ತು ಮುಸ್ಲಿಮ್ ಹದೀಸ್ (ಪ್ರವಾದಿವರ್ಯರ ನುಡಿ, ನಡೆಗಳ ವರದಿ) ಸಂಗ್ರಹಗಳೆರಡರಲ್ಲೂ ಇದೆ. ಯಮನಿನ ಅಬೂ ಮೂಸಾ ಅಶ್‌ಅರಿ(ರ) ಮತ್ತು ಅವರ ಕುಲದ ಐವತ್ತಕ್ಕೂ ಹೆಚ್ಚು ಮಂದಿ ಮದೀನಕ್ಕೆಂದು ಹಡಗು ಹತ್ತಿದರೆ, ಆ ಹಡಗು ಅವರನ್ನು ಅಬಿಸೀನಿಯದ ದಡಕ್ಕೆ ತಂದು ಮುಟ್ಟಿಸಿತು. ಅಲ್ಲಿ ಅವರನ್ನು ಎದುರುಗೊಂಡ ಜಅ್‌ಫರ್(ರ), ನಮ್ಮನ್ನು ಇಲ್ಲಿಗೆ ಕಳುಹಿಸಿದವರು ಅಲ್ಲಾಹನ ದೂತರಾದ ರಸೂಲರು(ಸ), ಇಲ್ಲೇ ಉಳಿಯಬೇಕೆಂದು ಆಜ್ಞಾಪಿಸಿದವರೂ ಅವರೇ, ಆದ್ದರಿಂದ ನೀವೂ ನಮ್ಮೊಂದಿಗೆ ಇರಿ ಎಂದರು. ಅಂದರೆ ಅವರದು ಒಪ್ಪಿಸಿದ ಕೆಲಸದ ಮೇಲಿನ ವಾಸ. ಬಿಟ್ಟು ಬರುವ ಸ್ವಾತಂತ್ರ್ಯ ಅವರಿಗಿರಲಿಲ್ಲ.

ಆ ಕೆಲಸ ಯಾವುದೆಂದು ತಿಳಿಯಲು ಸುಮಾರು ಕ್ರಿ.ಶ. 615ರ ಮಕ್ಕಕ್ಕೆ ಹೋಗಬೇಕು. ಅಲ್ಲಿನ ಪ್ರಬಲ ಕುಲವಾದ ಕುರೈಶರ ಹಿಂಸೆ ತಾಳಲಾರದವರಿಗೆ ಪ್ರವಾದಿ(ಸ)ಯವರು ಕೆಂಪು ಸಮುದ್ರದಾಚೆಯ ಕ್ರೈಸ್ತ ರಾಜ್ಯವಾದ ಅಬಿಸೀನಿಯವನ್ನು ತೋರಿಸಿ, ಅಲ್ಲಿನ ದೊರೆಯ ಆಳ್ವಿಕೆಯಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ ಎಂದಿದ್ದರು. ಪ್ರವಾದಿಚರಿತ್ರೆ ಬರೆದ ಇಬ್ನು ಇಸ್ಹಾಕರ ಲೆಕ್ಕದಂತೆ ಹಾಗೆ ಹೋದ ಗಂಡಸರು 83 ಮಂದಿ; ಹೆಂಗಸರು, ಮಕ್ಕಳು ಬೇರೆ. ಜಅ್‌ಫರರ ಜೊತೆ ಪತ್ನಿ ಅಸ್ಮಾ ಬಿಂತಿ ಉಮೈಸ್(ರ) ಇದ್ದರು. ಅಬ್ದುಲ್ಲಾ, ಮುಹಮ್ಮದ್, ಔನ್ ಎಂಬ ಅವರ ಮೂವರು ಗಂಡುಮಕ್ಕಳು ಹುಟ್ಟಿದ್ದು ಆ ಪರನಾಡಿನಲ್ಲೇ.

ಕುರೈಶರು ಸುಮ್ಮನಿರಲಿಲ್ಲ. ಅಬಿಸೀನಿಯದವರು ಮೆಚ್ಚುವ ಮಕ್ಕದ ಹದಮಾಡಿದ ಚರ್ಮವನ್ನು ಉಡುಗೊರೆಯಾಗಿ ಹೊರಿಸಿ, ಮಾತಿನಲ್ಲಿ ಚತುರರಾದ ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಆ ಎಂಬಿಬ್ಬರನ್ನು ನಜಾಶಿ ದೊರೆಯ ಬಳಿಗೆ ಅಟ್ಟಿದರು. ದೊರೆಗೆ ಮುನ್ನ ಅವನ ಪಾದ್ರಿಗಳಿಗೆಲ್ಲ ಉಡುಗೊರೆ ಸಂದಿತ್ತು. ಓಡಿಬಂದವರ ಮಾತು ಕೇಳದೆಯೇ ಅವರನ್ನು ಒಪ್ಪಿಸಿಬಿಡಬೇಕೆಂಬುದು ಆ ದೂತರ ಹಂಚಿಕೆ. ದೊರೆ ಅದಕ್ಕೆ ಒಪ್ಪದೆ ವಲಸಿಗರನ್ನು ಕರೆಸಿದಾಗ ಅವರ ಪರವಾಗಿ ನಿಂತು ಮಾತಾಡಿದವರು ಜಅ್‌ಫರ್(ರ). ನಾವು ವಿಗ್ರಹಗಳನ್ನು ಪೂಜಿಸುತ್ತಿದ್ದ, ಸತ್ತ ಪ್ರಾಣಿಯ ಮಾಂಸ ತಿನ್ನುತ್ತಿದ್ದ, ನೆರೆಹೊರೆಯವರನ್ನು ನೋಯಿಸುತ್ತಿದ್ದ, ಬಲಿಷ್ಠನು ದುರ್ಬಲನನ್ನು ನುಂಗುತ್ತಿದ್ದ ಜನವಾಗಿದ್ದೆವು ಎಂದು ಆರಂಭವಾಗುವ ಆ ಭಾಷಣ, ಬಳಿಕ ಅವರು ಓದಿದ ಕುರ್‌ಆನಿನ ಮರ್ಯಮ್ ಅಧ್ಯಾಯದ ಆರಂಭದ ಸೂಕ್ತಗಳು, ಗಡ್ಡ ತೊಯ್ಯುವಂತೆ ಅತ್ತ ನಜಾಶಿ, ಇವನ್ನೆಲ್ಲ ಅಲ್ಲೇ ಇದ್ದು ಕಂಡ ಉಮ್ಮು ಸಲಮಾ(ರ) ನಮಗೆ ವಿವರಿಸಿದ್ದಾರೆ.

ನಮ್ಮ ಉಪನ್ಯಾಸಕಾರರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನನಗಾದರೋ ಮರುದಿನದ ಘಟನೆಯೇ ಹೆಚ್ಚು ತೂಕದ್ದೆನಿಸುತ್ತದೆ. ಸೋತ ಅಮ್ರ್ ಮತ್ತೆ ದರ್ಬಾರಿಗೆ ಹೋಗಿ, ಇವರು ಮರ್ಯಮರ ಮಗ ಈಸಾರ (ಯೇಸುವಿನ) ಬಗ್ಗೆ ಘೋರವಾದ ಮಾತನ್ನಾಡುತ್ತಾರೆ, ಕರೆಸಿ ಕೇಳಿ ಎಂದ. ಇದು ಕಿವಿಗೆ ಬಿದ್ದಾಗ ವಲಸಿಗರಿಗೆ ಆದಷ್ಟು ದಿಗಿಲು ಹಿಂದೆಂದೂ ಆಗಿರಲಿಲ್ಲ ಎಂದು ಉಮ್ಮು ಸಲಮಾ(ರ) ಹೇಳುತ್ತಾರೆ. ಆಶ್ರಯ ಕೊಟ್ಟವನು ಕ್ರೈಸ್ತ ದೊರೆ, ಸುತ್ತ ಕುಳಿತವರು ಅವನ ಪಾದ್ರಿಗಳು. ಹೊಂದಿಕೆಯ ಮಾತೊಂದನ್ನು ಆಡಿ ಪಾರಾಗುವ ಆಸೆ ಯಾರಿಗಾದರೂ ಹುಟ್ಟುವಂಥದೇ. ಅವರೆಲ್ಲ ಕೂಡಿ ಸಮಾಲೋಚಿಸಿ, ಆದದ್ದಾಗಲಿ, ಅಲ್ಲಾಹನು ಹೇಳಿದ್ದನ್ನೇ ಹೇಳುವುದೆಂದು ನಿಶ್ಚಯಿಸಿದರು. ಈಸಾ ಅಲ್ಲಾಹನ ದಾಸರು, ಅವನ ದೂತರು, ಅವನ ಕಡೆಯ ಆತ್ಮ, ಕನ್ಯೆ ಮರ್ಯಮರಿಗೆ ಅವನು ಹಾಕಿದ ವಚನ ಎಂದು ಜಅ್‌ಫರ್(ರ) ನೇರವಾಗಿ ನುಡಿದರು. ನಜಾಶಿ ನೆಲದಿಂದ ಕಡ್ಡಿಯೊಂದನ್ನು ಎತ್ತಿಕೊಂಡು, ನೀನು ಹೇಳಿದ್ದಕ್ಕಿಂತ ಮರ್ಯಮರ ಮಗ ಈ ಕಡ್ಡಿಯಷ್ಟೂ ಹೆಚ್ಚಿನವರಲ್ಲ ಎಂದನು. ಪಾದ್ರಿಗಳು ಮೂಗು ಮುರಿದರೂ ಅವನು ಲೆಕ್ಕಿಸಲಿಲ್ಲ. ಉಡುಗೊರೆಗಳು ಬಂದ ದಾರಿಗೇ ವಾಪಸಾದವು.

ಆ ನಾಡಿನ ಬದುಕು ತಾವು ಭಾವಿಸಿದಷ್ಟು ನಿಶ್ಚಿಂತೆಯದೂ ಆಗಿರಲಿಲ್ಲ. ನಜಾಶಿಯ ಸಿಂಹಾಸನಕ್ಕೆ ಕೈಹಾಕಿದ ಒಬ್ಬನ ಎದುರು ನೈಲ್ ನದಿಯಾಚೆ ಯುದ್ಧ ನಡೆದಾಗ, ಸುದ್ದಿ ತರಲೆಂದು ಹರೆಯದ ಝುಬೈರ್(ರ) ಗಾಳಿ ತುಂಬಿದ ತೊಗಲಚೀಲವನ್ನು ಎದೆಗವಚಿಕೊಂಡು ಈಜಿಹೋದರು. ಉಳಿದವರು ದೊರೆಯ ಜಯಕ್ಕಾಗಿ ಪ್ರಾರ್ಥಿಸುತ್ತ ಕುಳಿತರು. ಅವನು ಸೋತಿದ್ದರೆ ಇವರ ಗತಿ ಏನಾಗುತ್ತಿತ್ತೋ. 622ರಲ್ಲಿ ಪ್ರವಾದಿವರ್ಯರು(ಸ) ಮಕ್ಕದಿಂದ ಮದೀನಕ್ಕೆ ಹೋದ ವಲಸೆ, ಅಂದರೆ ಹಿಜ್‌ರತ್ ನಡೆದ ಮೇಲೂ ಮದೀನ ಕ್ಷೇಮದ ಊರಾಗಿರಲಿಲ್ಲ. 627ರ ಖಂದಕ್ ಯುದ್ಧದವರೆಗೂ ಅದರ ಅಳಿವು ಉಳಿವಿನ ಪ್ರಶ್ನೆ ತೀರಲಿಲ್ಲ. ಅಂಥ ಕಾಲದಲ್ಲಿ ಸಮುದ್ರದಾಚೆ ಸಮುದಾಯದ ಒಂದು ಕವಲನ್ನು ಜೋಪಾನವಾಗಿ ಉಳಿಸಿಕೊಂಡದ್ದು ದೂರದೃಷ್ಟಿಯ ಕ್ರಮವಾಗಿತ್ತೆಂಬುದು ನನ್ನ ಅಭಿಪ್ರಾಯ.

628ರಲ್ಲಿ ಪ್ರವಾದಿವರ್ಯರ(ಸ) ಕರೆ ಬಂತು. ನಜಾಶಿ ಹಡಗು ಕೊಟ್ಟು ಕಳುಹಿಸಿದ. ಜಅ್‌ಫರ್(ರ) ಬಂದು ಸೇರುವಾಗ ಮದೀನದ ಉತ್ತರದ ಯಹೂದಿ ನೆಲೆಯಾದ ಖೈಬರ್ ಆಗಷ್ಟೇ ಮುಸ್ಲಿಮರ ಕೈವಶವಾಗಿತ್ತು. ಪ್ರವಾದಿವರ್ಯರು(ಸ) ಅವರ ಹಣೆಗೆ ಮುತ್ತಿಟ್ಟು, ಖೈಬರಿನ ಜಯಕ್ಕೆ ಹೆಚ್ಚು ಸಂತೋಷಪಡಲೋ ಜಅ್‌ಫರರ ಆಗಮನಕ್ಕೋ ತಿಳಿಯದು ಎಂದರು. ತಮ್ಮ ಪ್ರಶ್ನೆಗೆ ಸಂಬಂಧಿಸಿದ ಮಾತು ಇದರ ನಂತರ ಬರುತ್ತದೆ: ಯುದ್ಧದಲ್ಲಿ ಇಲ್ಲದವರಿಗೆ ಖೈಬರಿನ ಸೊತ್ತಿನಲ್ಲಿ ಪಾಲು ಸಿಗಲಿಲ್ಲ, ಜಅ್‌ಫರರೊಂದಿಗೆ ಹಡಗಿನಲ್ಲಿ ಬಂದವರ ಹೊರತು. ಅವರಿಗೆ ಕಾದಾಡಿದವರ ಸಾಲಿನಲ್ಲೇ ಪಾಲು ಹಂಚಲಾಯಿತು.

ತಮಗೆ ಬಂದ ಸಂಶಯ ಆ ಕಾಲದಲ್ಲೇ ಬಂದಿತ್ತು, ಅದೂ ಹಝ್ರತ್ ಉಮರ್(ರ) ಅವರಿಗೆ. ಮಗಳು ಹಫ್ಸಾ(ರ)ರ ಮನೆಯಲ್ಲಿ ಅಸ್ಮಾ(ರ)ರನ್ನು ಕಂಡು, ಇವರೇನು ಆ ಅಬಿಸೀನಿಯದವರು, ಸಮುದ್ರದಿಂದ ಬಂದವರು ಎಂದು ಕೇಳಿ, ಹಿಜ್‌ರತ್‌ನಲ್ಲಿ ನಾವು ನಿಮಗಿಂತ ಮುಂದೆ, ಆದ್ದರಿಂದ ರಸೂಲರ(ಸ) ಮೇಲೆ ನಮಗೇ ಹೆಚ್ಚು ಹಕ್ಕು ಎಂದುಬಿಟ್ಟರು. ಅಸ್ಮಾ(ರ) ಸಿಟ್ಟಾದರು. ನೀವು ಅವರ ಬಳಿ ಇದ್ದಿರಿ, ಹಸಿದವರಿಗೆ ಅವರು ಉಣಿಸುತ್ತಿದ್ದರು, ಅರಿಯದವರಿಗೆ ತಿಳಿಹೇಳುತ್ತಿದ್ದರು. ನಾವೋ ದೂರದ ಪರರ ನಾಡಿನಲ್ಲಿ ಹೆದರಿಕೆಯಲ್ಲಿ ಬದುಕಿದೆವು, ಅದೆಲ್ಲ ಅಲ್ಲಾಹನಿಗಾಗಿ, ರಸೂಲರಿಗಾಗಿ(ಸ) ಎಂದು ಎದುರಾಡಿ, ಈ ಮಾತನ್ನು ಪ್ರವಾದಿವರ್ಯರಿಗೆ(ಸ) ಮುಟ್ಟಿಸುವವರೆಗೆ ಅನ್ನ ನೀರು ಮುಟ್ಟುವುದಿಲ್ಲವೆಂದು ಆಣೆಯಿಟ್ಟರು. ಪ್ರವಾದಿವರ್ಯರು(ಸ) ಕೊಟ್ಟ ತೀರ್ಪು ಸ್ಪಷ್ಟವಾಗಿತ್ತು: ಉಮರ್ ಮತ್ತು ಅವರ ಸಂಗಡಿಗರಿಗೆ ಒಂದು ಹಿಜ್‌ರತ್, ಹಡಗಿನವರಾದ ನಿಮಗೆ ಎರಡು (ಅಬಿಸೀನಿಯಕ್ಕೊಂದು, ಮದೀನಕ್ಕೊಂದು). ಇದನ್ನು ಅಸ್ಮಾ(ರ)ರ ಬಾಯಿಂದ ಕೇಳಲು ಹಡಗಿನವರು ಗುಂಪು ಗುಂಪಾಗಿ ಬರುತ್ತಿದ್ದರು. ಅಬೂ ಮೂಸಾ(ರ) ಅಂತೂ ಮತ್ತೆ ಮತ್ತೆ ಹೇಳಿಸಿ ಕೇಳಿದರಂತೆ.

ಹಾಗೆ ಬಂದ ಜಅ್‌ಫರರಿಗೆ ಮದೀನದಲ್ಲಿ ದಕ್ಕಿದ್ದು ಒಂದೂವರೆ ವರ್ಷಕ್ಕೂ ಕಡಿಮೆ ಕಾಲ. ಆ ಅಲ್ಪ ಕಾಲದಲ್ಲೇ ಅವರು ಬಡವರ ತಂದೆ ಎನಿಸಿಕೊಂಡರು. ಮಸೀದಿಯ ಜಗಲಿಯಲ್ಲಿ ಹಸಿದು ಬಿದ್ದಿರುತ್ತಿದ್ದ ಅಬೂ ಹುರೈರಾ(ರ), ತನಗೆ ಬರುವ ಸೂಕ್ತವನ್ನೇ ಓದಿ ಹೇಳಿರೆಂದು ದಾರಿಯಲ್ಲಿ ಸಿಕ್ಕವರನ್ನು ಕೇಳುತ್ತಿದ್ದುದು, ಆ ನೆಪದಲ್ಲಾದರೂ ಮನೆಗೆ ಕರೆದೊಯ್ದು ಊಟ ಹಾಕಿಯಾರೆಂದು. ಬಡವರ ಪಾಲಿಗೆ ಎಲ್ಲರಿಗಿಂತ ಒಳ್ಳೆಯವರು ಜಅ್‌ಫರ್ ಎಂದು ಅವರೇ ನೆನೆದಿದ್ದಾರೆ. ಮನೆಯಲ್ಲಿ ಇದ್ದುದನ್ನೆಲ್ಲ ಬಡಿಸುವರು. ಏನೂ ಇಲ್ಲದ ದಿನ ಬರಿದಾದ ತುಪ್ಪದ ತೊಗಲಚೀಲವನ್ನೇ ತಂದು ಸೀಳಿಕೊಡುವರು, ಒಳಗೆ ಅಂಟಿದ್ದನ್ನು ನಾವು ನೆಕ್ಕುತ್ತಿದ್ದೆವು ಎನ್ನುತ್ತಾರೆ.

629ರ ಉತ್ತರಾರ್ಧದಲ್ಲಿ, ಇಂದಿನ ಜೋರ್ಡಾನಿನ ಕರಕ್ ಪ್ರದೇಶದ ಮುಅ್‌ತಾ ಎಂಬಲ್ಲಿಗೆ ರೋಮನ್ (ಬೈಝಂಟೈನ್) ಸೇನೆಯ ಎದುರು 3,000 ಮಂದಿಯ ಮುಸ್ಲಿಮ್ ಪಡೆ ಹೊರಟಿತು. ಝೈದ್ ಬಿನ್ ಹಾರಿಸಾ(ರ) ಬಿದ್ದರೆ ಜಅ್‌ಫರ್, ಅವರೂ ಬಿದ್ದರೆ ಅಬ್ದುಲ್ಲಾ ಬಿನ್ ರವಾಹಾ(ರ) ಎಂದು ನಾಯಕತ್ವ ನಿಗದಿಯಾಗಿತ್ತು. ಮೂವರೂ ಅದೇ ಕ್ರಮದಲ್ಲಿ ಹುತಾತ್ಮರಾದರು. ರೋಮನರ ಸಂಖ್ಯೆ ಲಕ್ಷ, ಎರಡು ಲಕ್ಷ ಎಂದು ಬರುವ ವರದಿಗಳನ್ನು ಇತಿಹಾಸಕಾರರು ಉತ್ಪ್ರೇಕ್ಷೆಯೆಂದೇ ಎಣಿಸುತ್ತಾರೆ, ಆದರೂ ಎದುರಾಳಿಗಳು ಬಹಳ ಹೆಚ್ಚಿದ್ದುದರಲ್ಲಿ ಅನುಮಾನವಿಲ್ಲ. ಜಅ್‌ಫರ್(ರ) ಕುದುರೆಯಿಂದಿಳಿದು ಕಾಲಾಳಾಗಿ ಹೋರಾಡಿದರು. ಬಲಗೈ ಕಡಿದಾಗ ಬಾವುಟವನ್ನು ಎಡಗೈಗೆ ತೆಗೆದುಕೊಂಡರು, ಅದೂ ಹೋದಾಗ ತೋಳುಗಳಿಂದ ಅವುಚಿ ಹಿಡಿದರು. ಅವರ ಮೈಮೇಲೆ ಐವತ್ತು ಗಾಯಗಳನ್ನು ಎಣಿಸಿದೆ, ಒಂದೂ ಬೆನ್ನಲ್ಲಿರಲಿಲ್ಲ ಎಂದು ಇಬ್ನು ಉಮರ್(ರ) ಹೇಳಿದ್ದಾರೆ. ಅವರದೇ ಇನ್ನೊಂದು ವರದಿಯಲ್ಲಿ ಸಂಖ್ಯೆ ತೊಂಬತ್ತನ್ನು ಮೀರುತ್ತದೆ. ಕಳೆದ ಕೈಗಳಿಗೆ ಬದಲಾಗಿ ಸ್ವರ್ಗದಲ್ಲಿ ಎರಡು ರೆಕ್ಕೆಗಳು ದೊರೆತುವೆಂಬ ಪ್ರವಾದಿವಚನದಿಂದಾಗಿ ಅವರು ಜಅ್‌ಫರ್ ತಯ್ಯಾರ್ (ಹಾರುವವರು) ಎಂದು ಪ್ರಸಿದ್ಧರು. ಸಾವಿನ ಮನೆಗೆ ನೆರೆಯವರೂ ನೆಂಟರೂ ಅಡುಗೆ ಮಾಡಿ ಕಳುಹಿಸುವ, ನಮ್ಮ ಊರುಗಳಲ್ಲೂ ಇರುವ ರೂಢಿಗೆ ಮುಸ್ಲಿಮರು ಆಧಾರವಾಗಿ ಕೊಡುವುದು ಪ್ರವಾದಿವರ್ಯರ(ಸ) ಆ ದಿನದ ಆದೇಶವನ್ನೇ: ಜಅ್‌ಫರರ ಮನೆಯವರಿಗೆ ಊಟ ಸಿದ್ಧಪಡಿಸಿರಿ, ಅವರು ದುಃಖದಲ್ಲಿ ಮುಳುಗಿದ್ದಾರೆ.

ಇನ್ನು ಇಮಾಮ್ ಜಅ್‌ಫರ್ ಸಾದಿಕರ ವಿಷಯ. ಅವರು ಬೇರೆ, ಅಲಿ(ರ)ಯವರ ವಂಶದಲ್ಲಿ ಹುಟ್ಟಿ 765ರಲ್ಲಿ ಮದೀನದಲ್ಲಿ ನಿಧನರಾದವರು. ಆದರೂ ಇಬ್ಬರ ನಡುವೆ ಒಂದು ಎಳೆಯಿದೆ. ಜಅ್‌ಫರರ ಮರಣಾನಂತರ ಅಸ್ಮಾ(ರ) ಅಬೂಬಕ್ಕರ್(ರ) ಅವರನ್ನು ವಿವಾಹವಾದರು. ಆ ದಾಂಪತ್ಯದಲ್ಲಿ ಹುಟ್ಟಿದ ಮುಹಮ್ಮದ್ ಎಂಬವರ ಮಗ ಕಾಸಿಮ್, ಕಾಸಿಮರ ಮಗಳು ಉಮ್ಮು ಫರ್ವಾ, ಆಕೆಯ ಮಗನೇ ಜಅ್‌ಫರ್ ಸಾದಿಕ್.

-ಸಂ.