ಪದವಿ ಮುಗಿದ ಮೇಲೂ ಕಾಲೇಜು ಆಟ ಹೇಗೆ?

ಪ್ರಶ್ನೆ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಪದವೀಧರ ಆಟಗಾರರು ಬೇರೊಂದು ವಿಶ್ವವಿದ್ಯಾಲಯದ ತಂಡ ಸೇರಿ ಕೂಡಲೇ ಆಡುತ್ತಾರಂತೆ. ಇದು ಹೇಗೆ ಸಾಧ್ಯ?

ಉತ್ತರ: ಅಲ್ಲಿ ಆಟದ ಅರ್ಹತೆಯನ್ನು ಅಳೆಯುವುದು ಪದವಿಯಿಂದಲ್ಲ, ಋತುಗಳ (ವರ್ಷಕ್ಕೊಂದರಂತೆ ಬರುವ ಆಟದ ಅವಧಿಗಳ) ಲೆಕ್ಕದಿಂದ. ಅಲ್ಲಿನ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಬಹುಕಾಲ ಪಾಲಿಸಿಕೊಂಡು ಬಂದ ನಿಯಮದಂತೆ ಆಟಗಾರನು 5 ವರ್ಷಗಳೊಳಗೆ 4 ಋತು ಆಡಬಹುದಾಗಿದ್ದು, ಮೊದಲ ವರ್ಷವನ್ನು ಪಂದ್ಯವಾಡದೆ ತಂಡದ ಅಭ್ಯಾಸದಲ್ಲೇ ಕಳೆದು, ಬೇಸಿಗೆ ತರಗತಿಗಳನ್ನೂ ಬಳಸಿಕೊಂಡು ಬೇಗ ಪದವಿ ಮುಗಿಸಿದವನ ಖಾತೆಯಲ್ಲಿ ಆಡದ ಋತುಗಳು ಉಳಿದಿರುತ್ತವೆ. ಅಂಥವನು ಬೇರೆಡೆ ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರವೇಶ ಪಡೆದರೆ ಉಳಿದ ಋತುಗಳನ್ನು ಅಲ್ಲಿ ಆಡಬಹುದು. ಪದವಿ ಮುಗಿಸದೆ ತಂಡ ಬದಲಿಸಿದವರು ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿದ್ದ ಕಾಲದಲ್ಲೂ ಪದವೀಧರರಿಗೆ ಈ ವಿನಾಯಿತಿ ಇತ್ತು.

ಉದಾಹರಣೆಗೆ, ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಹುಪಾಲು ಬೆಂಚಿನಲ್ಲೇ ಕುಳಿತಿದ್ದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಜೋ ಬರೋ, 2018ರಲ್ಲಿ ಪದವಿ ಪಡೆದು ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. ಮರುವರ್ಷವೇ ಋತುವಿನಲ್ಲಿ 60 ಟಚ್‌ಡೌನ್ ಪಾಸ್‌ಗಳನ್ನು (ಅಂಕ ತಂದುಕೊಡುವ ಎಸೆತಗಳನ್ನು) ಎಸೆದರು, ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನೂ ಗೆದ್ದರು. ಇಂಥ ಆಟಗಾರರಲ್ಲಿ ಎಷ್ಟು ಮಂದಿ ಸ್ನಾತಕೋತ್ತರ ಪದವಿಯನ್ನು ಪೂರೈಸುತ್ತಾರೆ ಎಂಬ ಗುಮಾನಿ ಮಾತ್ರ ಹಳೆಯದು, ಅಕಾರಣವೂ ಅಲ್ಲ.

2021ರಲ್ಲಿ ಪದವಿ ಇನ್ನೂ ಮುಗಿಸದ ವಿದ್ಯಾರ್ಥಿಗಳಿಗೂ ಒಂದು ಬಾರಿ ತಂಡ ಬದಲಿಸಿ ಕೂಡಲೇ ಆಡುವ ಸ್ವಾತಂತ್ರ್ಯ ದೊರೆಯಿತು. 2024ರಲ್ಲಿ, ಓದಿನ ಅರ್ಹತೆ ಉಳಿಸಿಕೊಂಡಿರುವವರಿಗೆ ‘ಒಂದೇ ಬಾರಿ’ ಎಂಬ ಮಿತಿಯೂ ಹೋದುದರಿಂದ, ಪದವೀಧರರಿಗಿದ್ದ ವಿಶೇಷ ಸವಲತ್ತು ಬಹುಮಟ್ಟಿಗೆ ಎಲ್ಲರದ್ದೂ ಆಗಿದೆ.